ಜರ್ಮೇನಿಯಂ ಫಝ್ ಚುಚ್ಚಿದರೆ ಪೆಡಲ್ ಬೋರ್ಡೆಲ್ಲ ಯಾಕೆ ಸಾಯುತ್ತದೆ?

ಹಾಸನದ ಒಂದು ಗಣಪತಿ ಪೆಂಡಾಲು. ರಸಮಂಜರಿ ಶುರುವಾಗಲು ಇನ್ನೂ ಅರ್ಧ ಗಂಟೆ ಇತ್ತು. ಚಿಕ್ಕಮಗಳೂರಿನಿಂದ ಬಸ್ಸಿನಲ್ಲಿ ಗಿಟಾರು, ಪೆಡಲ್ ಬೋರ್ಡು ಹೊತ್ತುಕೊಂಡು ಹೋಗಿದ್ದೆ. ಪೆಡಲ್ ಅಂದರೆ ಗಿಟಾರಿನ ಸದ್ದು ಹಾದುಹೋಗುವ, ಕಾಲಲ್ಲಿ ಒತ್ತುವ ಪುಟ್ಟ ಡಬ್ಬಿ; ಅವನ್ನೆಲ್ಲ ಜೋಡಿಸಿದ ಹಲಗೆಯೇ ಬೋರ್ಡು. ಬೋರ್ಡಿನಲ್ಲಿ ಯಾವಾಗಲೂ ಇರುವ ಮೂರು ಪೆಡಲ್: ಟ್ಯೂನರ್, ಓವರ್‌ಡ್ರೈವ್, ಡಿಲೇ. ಮೂರಕ್ಕೂ ಒಂದೇ 9 ವೋಲ್ಟ್ ಅಡಾಪ್ಟರ್. ಅದರಿಂದ ಹೊರಟ ಒಂದೇ ವೈರಿನಲ್ಲಿ ಐದು ಪಿನ್. ಡೈಸಿ ಚೈನ್ ಅನ್ನುತ್ತಾರಲ್ಲ, ಅದು. ಅವತ್ತು ನಾಲ್ಕನೆಯ ಪೆಡಲ್ ಹೊಸದಾಗಿ ಸೇರಿತ್ತು. ಗೆಳೆಯನೊಬ್ಬ ಹಳೇ ರೇಡಿಯೋದಿಂದ ಕಿತ್ತ ಟ್ರಾನ್ಸಿಸ್ಟರ್ ಹಾಕಿ ಕಟ್ಟಿಕೊಟ್ಟ ಜರ್ಮೇನಿಯಂ ಫಝ್. ಮನೆಯಲ್ಲಿ ಬ್ಯಾಟರಿ ಹಾಕಿ ನುಡಿಸಿದಾಗ ಜೇನುತುಪ್ಪದ ಹಾಗಿತ್ತು. ವೈರಿನಲ್ಲಿ ಉಳಿದಿದ್ದ ಒಂದು ಪಿನ್ನನ್ನು ಅದಕ್ಕೂ ಚುಚ್ಚಿದೆ.

ಬೋರ್ಡಿನ ಎಲ್ಲ ದೀಪಗಳೂ ಒಟ್ಟಿಗೆ ಆರಿಹೋದವು.

ಪಿನ್ ಕಿತ್ತರೆ ಉಳಿದ ಮೂರು ಉರಿಯುತ್ತವೆ. ಹಾಕಿದರೆ ಆರುತ್ತವೆ. ಅಡಾಪ್ಟರ್ ಮುಟ್ಟಿದರೆ ಬೆಚ್ಚಗೆ. "ಪೆಡಲ್ ಸುಟ್ಟಿದೆ, ಬಿಡಪ್ಪ" ಅಂತ ಕೀಬೋರ್ಡಿನ ಅಣ್ಣ ತೀರ್ಪು ಕೊಟ್ಟೇ ಬಿಟ್ಟರು. ಆದರೆ ಒಂದು ವಿಚಿತ್ರ ಕಂಡಿತು. ಪವರ್ ಪಿನ್ ಹಾಗೇ ಬಿಟ್ಟು, ಫಝ್‌ನಿಂದ ಟ್ಯೂನರ್‌ಗೆ ಹೋಗುವ ಗೇಣುದ್ದದ ಪ್ಯಾಚ್ ಕೇಬಲ್ ಕಿತ್ತೆ. ದೀಪಗಳೆಲ್ಲ ಮತ್ತೆ ಬಂದವು, ಫಝ್‌ನದೂ ಸೇರಿ. ಕೇಬಲ್ ವಾಪಸ್ ಚುಚ್ಚಿದೆ. ಮತ್ತೆ ಕತ್ತಲು. ಕರೆಂಟು ಹರಿಯುವ ವೈರಲ್ಲ, ಬರೀ ಸದ್ದು ಹೋಗುವ ಕೇಬಲ್ ಅದು. ಅದನ್ನು ಹಾಕಿದರೆ ಕರೆಂಟು ಯಾಕೆ ಸಾಯಬೇಕು?

ಅವತ್ತು ಉತ್ತರ ಹೊಳೆಯಲಿಲ್ಲ. ಫಝ್ ಇಲ್ಲದೆಯೇ ನುಡಿಸಿ ಬಂದೆ. ಆಮೇಲೆ ಗೊತ್ತಾಯಿತು: ಪೆಡಲ್ಲೂ ಚೆನ್ನಾಗಿತ್ತು, ಅಡಾಪ್ಟರೂ ಚೆನ್ನಾಗಿತ್ತು, ಪಿನ್ನೂ ಸರಿಯಾದದ್ದೇ. ಮೂರೂ ಸರಿ ಇದ್ದು ಕೆಟ್ಟುಹೋಗುವ ವ್ಯವಹಾರ ಇದು. ಅದಕ್ಕೇ ಇಷ್ಟು ಜನ ಇದರಲ್ಲಿ ಎಡವುತ್ತಾರೆ.

ಫಝ್ ಗೊತ್ತಿಲ್ಲದವರಿಗೆ ಎರಡು ಮಾತು. ಗಿಟಾರಿನ ಸಣ್ಣ ಸಿಗ್ನಲ್ಲನ್ನು ಸಿಕ್ಕಾಪಟ್ಟೆ ದೊಡ್ಡದು ಮಾಡುತ್ತಾ ಹೋದರೆ ಒಂದು ಹಂತದಲ್ಲಿ ಟ್ರಾನ್ಸಿಸ್ಟರ್‌ಗೆ ಇನ್ನು ಮೇಲೇರಲು ಜಾಗವಿರುವುದಿಲ್ಲ. ಅಲೆಯ ತಲೆ ಚಪ್ಪಟೆಯಾಗಿ ಕತ್ತರಿಸಿಹೋಗುತ್ತದೆ. ಹರಿದ ಸ್ಪೀಕರಿನಲ್ಲಿ ದುಂಬಿ ಸಿಕ್ಕಿಕೊಂಡ ಹಾಗೆ ಒಂದು ಗುಂಯ್ಗುಡುವ ದಪ್ಪ ದನಿ ಬರುತ್ತದೆ. ಅದೇ ಫಝ್. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ಹೊರತಂದ ಫಝ್ ಫೇಸ್ ಇವುಗಳಲ್ಲಿ ಎಲ್ಲರಿಗೂ ಪರಿಚಿತ. ಮೈಕ್ ಸ್ಟ್ಯಾಂಡಿನ ತಳದ ಹಾಗೆ ದುಂಡಗಿನ ಲೋಹದ ಡಬ್ಬಿ. ಒಳಗೆ ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ತಿರುಗುವ ಗುಂಡಿ. ಹನ್ನೊಂದೇ ಸಾಮಾನು. ಜೊತೆಗೆ ಒಂದು 9 ವೋಲ್ಟ್ ಬ್ಯಾಟರಿ. ಅಡಾಪ್ಟರ್ ಚುಚ್ಚುವ ತೂತೇ ಅದರಲ್ಲಿರಲಿಲ್ಲ.

ಆ ತೂತು ಇಲ್ಲದ್ದೇ ನಮ್ಮ ಕಥೆಯ ಮೂಲ. ಪ್ರತಿ ಪೆಡಲ್‌ಗೂ ಅದರದೇ ಬ್ಯಾಟರಿ ಇದ್ದಾಗ, ಆ ಬ್ಯಾಟರಿಯ ಯಾವ ತುದಿಯನ್ನು ಡಬ್ಬಿಯ ಮೈಗೆ ಕಟ್ಟಿದ್ದೀರಿ ಅನ್ನುವುದು ಪಕ್ಕದ ಪೆಡಲ್‌ಗೆ ಬೇಕಿಲ್ಲದ ವಿಷಯ. ನಿಮ್ಮ ಮನೆ ಒಳಗೆ ನೀವು ಒಲೆಯನ್ನು ಯಾವ ದಿಕ್ಕಿಗಿಟ್ಟರೆ ನೆರೆಮನೆಯವರಿಗೇನು? ಎಲ್ಲರೂ ಒಂದೇ ಒಲೆಯಲ್ಲಿ ಅಡುಗೆ ಶುರುಮಾಡಿದಾಗ ಜಗಳ ಬಂತು.

ಪ್ಲಸ್ಸನ್ನು ಮೈಗೆ ಕಟ್ಟಿದ ಕಾಲ

ಮಲೆನಾಡಿನ ಹಳೇ ಮನೆಗಳ ಅಟ್ಟದಲ್ಲಿ ಈಗಲೂ ಒಂದೊಂದು ಸತ್ತ ಟ್ರಾನ್ಸಿಸ್ಟರ್ ರೇಡಿಯೋ ಸಿಗುತ್ತದೆ. ಬಿಚ್ಚಿ ನೋಡಿದರೆ ತಗಡಿನ ಟೋಪಿ ಹಾಕಿಕೊಂಡ ಟ್ರಾನ್ಸಿಸ್ಟರುಗಳು. ಎಸಿ128 ಅಂತ ಬರೆದಿರುವುದು ಸಿಕ್ಕರೆ ಫಝ್ ಕಟ್ಟುವವರು ಕಣ್ಣಿಗೊತ್ತಿಕೊಳ್ಳುತ್ತಾರೆ. ಫಝ್ ಫೇಸಿನಲ್ಲಿ ಎನ್‌ಕೆಟಿ275 ಜೊತೆಗೆ ಬಳಕೆಯಾದದ್ದು ಇದೇ ಎಸಿ128. ಇಂಗ್ಲೆಂಡಿನಿಂದಲೇ ತರಿಸಬೇಕಿಲ್ಲ. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ 1962ರಲ್ಲೇ ಜರ್ಮೇನಿಯಂ ಸೆಮಿಕಂಡಕ್ಟರ್ ಮಾಡಲು ಶುರುಮಾಡಿತ್ತು. ಬಿಇಎಲ್ ಮುದ್ರೆಯ ಎಸಿ128 ನನ್ನ ಪೆಡಲ್ಲಿನಲ್ಲೂ ಇದೆ. ಒಂದು ಕಾಲಕ್ಕೆ ಆಕಾಶವಾಣಿಯ ವಾರ್ತೆ ಕೇಳಿಸಿದ ಟ್ರಾನ್ಸಿಸ್ಟರು ಈಗ ಗಿಟಾರನ್ನು ಗುಂಯ್ಗುಡಿಸುತ್ತಿದೆ.

ಆ ಕಾಲದ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳಲ್ಲಿ ಪಿಎನ್‌ಪಿ ಜಾತಿಯವೇ ಜಾಸ್ತಿ. ಕಾರಣ ಅವನ್ನು ಮಾಡುತ್ತಿದ್ದ ರೀತಿ. ಎನ್ ಥರದ ಜರ್ಮೇನಿಯಂನ ತೆಳು ಬಿಲ್ಲೆ ತೆಗೆದುಕೊಂಡು ಅದರ ಎರಡೂ ಕಡೆ ಇಂಡಿಯಂ ಲೋಹದ ಪುಟ್ಟ ಗುಂಡು ಕೂರಿಸಿ ಕಾಯಿಸುತ್ತಿದ್ದರು. ಇಂಡಿಯಂ ಸುಮಾರು 157 ಡಿಗ್ರಿಗೇ ಕರಗುತ್ತದೆ. ಕರಗಿ, ಕೆಳಗಿನ ಜರ್ಮೇನಿಯಂ ಅನ್ನು ಸ್ವಲ್ಪ ತನ್ನೊಳಗೆ ಎಳೆದುಕೊಂಡು, ಆರಿದಾಗ ಪಿ ಥರದ ಪದರವಾಗಿ ಕೂರುತ್ತದೆ. ಆಚೆ ಪಿ, ನಡುವೆ ಎನ್, ಈಚೆ ಪಿ. ಸುಲಭದ ಕೆಲಸ, ಹಾಗಾಗಿ ಅಗ್ಗ. ಪದರಗಳು ಇದರ ಉಲ್ಟಾ ಇರುವ ಎನ್‌ಪಿಎನ್ ಜರ್ಮೇನಿಯಂ ಇರಲೇ ಇಲ್ಲ ಅಂತಲ್ಲ, ಎಸಿ127 ಇತ್ತು. ಆದರೆ ಫಝ್ ಕಟ್ಟಿದವರ ಕೈಗೆ ಸಿಕ್ಕಿದ್ದು ಹೆಚ್ಚಾಗಿ ಪಿಎನ್‌ಪಿ.

ಟ್ರಾನ್ಸಿಸ್ಟರಿನ ಎರಡು ಹೊರ ಪದರಗಳಿಗೆ ಎಮಿಟರ್, ಕಲೆಕ್ಟರ್ ಅಂತ ಹೆಸರು. ಪಿಎನ್‌ಪಿ ಟ್ರಾನ್ಸಿಸ್ಟರ್ ಕೆಲಸ ಮಾಡಬೇಕಾದರೆ ಅದರ ಕಲೆಕ್ಟರ್, ಎಮಿಟರಿಗಿಂತ ಕೆಳಗಿನ ವೋಲ್ಟೇಜಿನಲ್ಲಿರಬೇಕು. ಎಮಿಟರ್ ಕಡೆಯನ್ನು ಗ್ರೌಂಡ್‌ಗೆ, ಅಂದರೆ ಡಬ್ಬಿಯ ಮೈಗೆ, ಕಟ್ಟುವುದು ವಾಡಿಕೆ. ಆಗ ಉಳಿದ ಸರ್ಕ್ಯೂಟೆಲ್ಲ ಗ್ರೌಂಡ್‌ಗಿಂತ ಕೆಳಗೆ, ಅಂದರೆ ಮೈನಸ್ 9 ವೋಲ್ಟಿನ ಕಡೆಗೆ ಇಳಿಯುತ್ತದೆ. ಬ್ಯಾಟರಿಯ ಪ್ಲಸ್ ಡಬ್ಬಿಯ ಮೈಗೆ ಬರುತ್ತದೆ. ಇದನ್ನೇ ಪಾಸಿಟಿವ್ ಗ್ರೌಂಡ್ ಅನ್ನುವುದು. ಎಸ್ಟೇಟಿನ ಶೆಡ್ಡುಗಳಲ್ಲಿ ನಿಂತಿರುವ ಹಳೇ ಮಾರಿಸ್ ಕಾರುಗಳ ಬ್ಯಾಟರಿ ನೋಡಿದವರಿಗೆ ಇದೇನೂ ಹೊಸದಲ್ಲ. ಅಲ್ಲೂ ಪ್ಲಸ್ಸೇ ಬಾಡಿಗೆ.

ಆಮೇಲೆ ಸಿಲಿಕಾನ್ ಬಂತು. ಬಿಸಿ108 ಥರದ ಎನ್‌ಪಿಎನ್ ಟ್ರಾನ್ಸಿಸ್ಟರ್ ಹಾಕಿದ ಫಝ್‌ಗಳಲ್ಲಿ ಮೈನಸ್ ಮೈಗೆ ಬಂತು. ಈಗಿನ ಹೆಚ್ಚುಕಮ್ಮಿ ಎಲ್ಲ ಪೆಡಲ್‌ಗಳೂ ಹಾಗೇ. ಆದ್ದರಿಂದ "ಫಝ್ ಅಂದರೆ ತೊಂದರೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ತೊಂದರೆ ಪಿಎನ್‌ಪಿ ಇರುವ, ಹಳೇ ರೀತಿಯಲ್ಲೇ ಪ್ಲಸ್ಸನ್ನು ಮೈಗೆ ಕಟ್ಟಿದ ಪೆಡಲ್‌ಗಳದ್ದು ಮಾತ್ರ.

ಏಣಿ ಮತ್ತು ಬಾವಿ

ಈಗ ಅಸಲು ವಿಷಯ. ಕಾಳುಮೆಣಸು ಕೊಯ್ಯುವ ಏಣಿ ನೆನಪಿಸಿಕೊಳ್ಳಿ. ಅದಕ್ಕೆ ಒಂಬತ್ತು ಮೆಟ್ಟಿಲು. ನಮ್ಮ 9 ವೋಲ್ಟ್ ಅಡಾಪ್ಟರ್ ಅಂದರೆ ಆ ಏಣಿ. ಕೆಳತುದಿ ಮೈನಸ್, ಮೇಲ್ತುದಿ ಪ್ಲಸ್. ಎರಡರ ನಡುವೆ ಒಂಬತ್ತು ಮೆಟ್ಟಿಲಿನ ವ್ಯತ್ಯಾಸ ಇದೆ ಅನ್ನುವುದಷ್ಟೇ ಏಣಿಗೆ ಗೊತ್ತು. ಯಾವ ಮೆಟ್ಟಿಲು ಸೊನ್ನೆ ಅಂತ ಅದಕ್ಕೆ ಗೊತ್ತಿಲ್ಲ. ಅದನ್ನು ತೀರ್ಮಾನಿಸುವುದು ನಾವು.

ಪೆಡಲ್ ಬೋರ್ಡಿನಲ್ಲಿ ಸೊನ್ನೆ ಅಂದರೆ ಅಂಗಳ. ಗಿಟಾರ್ ಕೇಬಲಿನ ಒಳಗೆ ಎರಡು ದಾರಿ ಇವೆ: ನಡುವಿನ ತಂತಿಯಲ್ಲಿ ಸದ್ದು, ಅದನ್ನು ಸುತ್ತಿಕೊಂಡ ಜಾಲರಿ ಗ್ರೌಂಡ್. ಆ ಜಾಲರಿ ಒಂದು ಪೆಡಲ್ಲಿನ ಮೈಯನ್ನು ಇನ್ನೊಂದರ ಮೈಗೆ ಸೇರಿಸುತ್ತದೆ. ಗಿಟಾರಿನಿಂದ ಆಂಪ್ (ಆಂಪ್ಲಿಫೈಯರ್)ವರೆಗೆ ಎಲ್ಲ ಡಬ್ಬಿಗಳೂ ಒಂದೇ ಅಂಗಳದ ಮೇಲೆ ಕೂತಿರುತ್ತವೆ. ಇದರಲ್ಲಿ ಯಾರಿಗೂ ವಿನಾಯಿತಿ ಇಲ್ಲ.

ಮಾಮೂಲು ಪೆಡಲ್ ಏನು ಕೇಳುತ್ತದೆ? ಏಣಿಯ ಕೆಳತುದಿಯನ್ನು ಅಂಗಳದಲ್ಲಿ ಊರಿ, ಮೇಲ್ತುದಿ ಅಟ್ಟಕ್ಕೆ ಹೋಗಲಿ ಅನ್ನುತ್ತದೆ. ನಮ್ಮ ಜರ್ಮೇನಿಯಂ ಫಝ್ ಏನು ಕೇಳುತ್ತದೆ? ಏಣಿಯ ಮೇಲ್ತುದಿಯನ್ನು ಅಂಗಳಕ್ಕೆ ಕಟ್ಟಿ, ಕೆಳತುದಿಯನ್ನು ಬಾವಿಯೊಳಗೆ ಇಳಿಬಿಡಿ ಅನ್ನುತ್ತದೆ.

ಇಬ್ಬರಿಗೂ ಒಂದೇ ಏಣಿ ಕೊಟ್ಟರೆ? ಅದರ ಕೆಳತುದಿಯೂ ಅಂಗಳದಲ್ಲಿರಬೇಕು, ಮೇಲ್ತುದಿಯೂ ಅಂಗಳದಲ್ಲಿರಬೇಕು. ಎರಡೂ ತುದಿ ಒಂದೇ ಮಟ್ಟದಲ್ಲಿದ್ದರೆ ಏಣಿಯ ಎತ್ತರ ಸೊನ್ನೆ. ವೋಲ್ಟೇಜ್ ಸೊನ್ನೆ. ಇದಕ್ಕೇ ಶಾರ್ಟ್ ಅನ್ನುವುದು. ಹಾಸನದಲ್ಲಿ ನಾನು ಪ್ಯಾಚ್ ಕೇಬಲ್ ಚುಚ್ಚಿದಾಗ ಅದರ ಜಾಲರಿ ಅಡಾಪ್ಟರಿನ ಪ್ಲಸ್ಸನ್ನು ನೇರವಾಗಿ ಅದರದೇ ಮೈನಸ್ಸಿಗೆ ಸೇರಿಸುತ್ತಿತ್ತು. ಕೇಬಲ್ ಕಿತ್ತಾಗ ಫಝ್ ಅಂಗಳ ಬಿಟ್ಟು ಬೇರೆಯಾಗುತ್ತಿತ್ತು, ಏಣಿ ನಿಲ್ಲುತ್ತಿತ್ತು. ಒಳ್ಳೆಯ ಅಡಾಪ್ಟರ್ ಶಾರ್ಟ್ ಆದಾಗ ತಾನೇ ಕೈಚೆಲ್ಲಿ ಕೂರುತ್ತದೆ. ಅಗ್ಗದ್ದಾದರೆ ಸುಟ್ಟುಹೋಗಬಹುದು, ಡೈಸಿ ಚೈನಿನ ಸಣ್ಣ ವೈರೂ ಕಾದು ಕರಗಬಹುದು. ನನ್ನದು ಬೆಚ್ಚಗಾಗಿ ಉಳಿಯಿತು.

ಪಿನ್ನಿನ ಗುರುತು ನಂಬಿ ಕೆಟ್ಟವರು

ಜನ ತಪ್ಪುವುದು ಇಲ್ಲೇ. ಪೆಡಲ್ಲಿನ ತೂತಿನ ಪಕ್ಕ ಒಂದು ಚಿತ್ರ ಇರುತ್ತದೆ: ನಡುವೆ ಚುಕ್ಕಿ, ಸುತ್ತ ಅರ್ಧಚಂದ್ರ, ಒಂದಕ್ಕೆ ಮೈನಸ್, ಇನ್ನೊಂದಕ್ಕೆ ಪ್ಲಸ್. ಗಿಟಾರ್ ಪೆಡಲ್‌ಗಳಲ್ಲಿ ನಡು ಮೈನಸ್, ಹೊರಗೆ ಪ್ಲಸ್ ಅನ್ನುವುದು ರೂಢಿ. ಪಿನ್ನಿನ ಒಳ ಅಳತೆ 2.1 ಮಿಲಿಮೀಟರ್. ನನ್ನ ಗೆಳೆಯನೂ ಫಝ್‌ಗೆ ಇದೇ ರೂಢಿಯ ತೂತು ಕೂರಿಸಿದ್ದ. ಹಾಗಾಗಿ ಪಿನ್ ಸರಿಯಾಗೇ ಕೂತಿತು, ಗುರುತೂ ತಾಳೆಯಾಯಿತು.

ಆದರೆ ಆ ಗುರುತು ಹೇಳುವುದು ಪಿನ್ನಿನ ಯಾವ ಭಾಗದಲ್ಲಿ ಪ್ಲಸ್ ಇದೆ, ಯಾವ ಭಾಗದಲ್ಲಿ ಮೈನಸ್ ಇದೆ ಅಂತ ಅಷ್ಟೇ. ಪೆಡಲ್ಲಿನ ಒಳಗೆ ಅವೆರಡರಲ್ಲಿ ಯಾವುದನ್ನು ಡಬ್ಬಿಯ ಮೈಗೆ ಕಟ್ಟಿದ್ದಾರೆ ಅಂತ ಅದು ಹೇಳುವುದೇ ಇಲ್ಲ. ಇವು ಎರಡು ಬೇರೆ ಬೇರೆ ವಿಷಯ. ನಡು ಮೈನಸ್ ಇದ್ದೂ ಪಾಸಿಟಿವ್ ಗ್ರೌಂಡ್ ಆಗಿರಬಹುದು. ನಡು ಪ್ಲಸ್ ಇದ್ದೂ ನೆಗೆಟಿವ್ ಗ್ರೌಂಡ್ ಆಗಿರಬಹುದು.

ಇದು ಗೊತ್ತಿಲ್ಲದವರು ಕೊಡುವ ಸಲಹೆ: "ಉಲ್ಟಾ ಪಿನ್ ಕೇಬಲ್ ಹಾಕು, ಸರಿಹೋಗುತ್ತೆ." ನನ್ನ ಥರದ ಪೆಡಲ್‌ಗೆ ಅದನ್ನು ಹಾಕಿದರೆ ಬೋರ್ಡಿನ ದೀಪಗಳು ಆರುವುದಿಲ್ಲ, ನಿಜ. ಸರಿಹೋಯಿತು ಅಂತ ಖುಷಿಯೂ ಆಗುತ್ತದೆ. ಆದರೆ ಆಗಿರುವುದು ಏನು? ಫಝ್‌ನ ಮೈಗೆ ಈಗ ಮೈನಸ್ ಬಂದಿದೆ, ಸರ್ಕ್ಯೂಟಿಗೆ ಪ್ಲಸ್ ಹೋಗುತ್ತಿದೆ. ಬ್ಯಾಟರಿ ಉಲ್ಟಾ ಹಾಕಿದ ಹಾಗೆ. ಸದ್ದು ಬರುವುದಿಲ್ಲ. ಅರವತ್ತು ವರ್ಷ ಹಳೆಯ ಟ್ರಾನ್ಸಿಸ್ಟರನ್ನೂ ಎಲೆಕ್ಟ್ರೋಲಿಟಿಕ್ ಕೆಪಾಸಿಟರನ್ನೂ ಸುಮ್ನೆ ಹಿಂಸೆ ಮಾಡಿದ ಹಾಗೆ. ಉಲ್ಟಾ ಕೇಬಲ್ ಬೇಕಾಗುವುದು ಪೆಡಲ್ಲಿನ ತೂತು ನಡು ಪ್ಲಸ್ ಆಗಿದ್ದರೆ ಮಾತ್ರ. ಆಗಲೂ ಬೇರೆ ಏಣಿ ಬೇಕೇ ಬೇಕು.

ನಿಮ್ಮ ಪೆಡಲ್ ಯಾವ ಜಾತಿ ಅಂತ ತಿಳಿಯಲು ಒಂದು ಮಲ್ಟಿಮೀಟರ್ ಸಾಕು. ಅಡಾಪ್ಟರ್ ಹಾಕಬೇಡಿ, ಬ್ಯಾಟರಿಯನ್ನೂ ತೆಗೆಯಿರಿ. ಇನ್‌ಪುಟ್‌ಗೆ ಗಿಟಾರ್ ಕೇಬಲ್ ಚುಚ್ಚಿ. ಇದನ್ನು ಮರೆಯಬೇಡಿ. ಹಳೇ ಥರದ ಪೆಡಲ್‌ಗಳಲ್ಲಿ ಕೇಬಲ್ ಚುಚ್ಚಿದಾಗಲೇ ಪವರ್ ಜೋಡಣೆ ಪೂರ್ತಿಯಾಗುವುದು. ಮೀಟರನ್ನು ಬೀಪ್ ಬರುವ ಕಡೆ ತಿರುಗಿಸಿ. ಒಂದು ಕಡ್ಡಿಯನ್ನು ಆ ಕೇಬಲಿನ ಇನ್ನೊಂದು ತುದಿಯ ಪ್ಲಗ್ಗಿನ ಉದ್ದನೆಯ ಮೈಗೆ ಹಿಡಿಯಿರಿ. ಇನ್ನೊಂದನ್ನು ಪವರ್ ತೂತಿನ ನಡುವಿನ ಕಡ್ಡಿಗೆ, ಆಮೇಲೆ ಹೊರಗಿನ ತಗಡಿಗೆ ಮುಟ್ಟಿಸಿ. ಯಾವುದರಲ್ಲಿ ಬೀಪ್ ಬರುತ್ತದೋ ಅದೇ ಗ್ರೌಂಡ್. ಆ ಭಾಗದ ಗುರುತು ಪ್ಲಸ್ ಅಂತಿದ್ದರೆ ನಿಮ್ಮದು ಪಾಸಿಟಿವ್ ಗ್ರೌಂಡ್. ಎರಡರಲ್ಲೂ ಬೀಪ್ ಬರದಿದ್ದರೆ ಒಳಗೆ ಡಯೋಡೋ ಬೇರೆ ಚಿಪ್ಪೋ ಇದೆ ಅಂತ ಅರ್ಥ, ಮುಚ್ಚಳ ಬಿಚ್ಚಿ ನೋಡಬೇಕು.

ಎರಡನೇ ಏಣಿ ಎಲ್ಲಿಂದ ತರುವುದು

ಎರಡು ಏಣಿ ಇದ್ದರೆ ಎಲ್ಲ ಸುಲಭ. ಒಂದನ್ನು ಅಟ್ಟಕ್ಕೆ ಒರಗಿಸಿ, ಇನ್ನೊಂದನ್ನು ಬಾವಿಗೆ ಇಳಿಬಿಡಿ. ಒಂದೇ ಷರತ್ತು: ಎರಡು ಏಣಿಗಳನ್ನು ಮೊದಲೇ ಒಂದಕ್ಕೊಂದು ಕಟ್ಟಿರಬಾರದು. ಐಸೊಲೇಟೆಡ್ ಪವರ್ ಸಪ್ಲೈ ಅಂದರೆ ಇಷ್ಟೇ. ಒಂದೇ ಡಬ್ಬಿಯಲ್ಲಿ ಐದಾರು ಔಟ್‌ಪುಟ್, ಪ್ರತಿಯೊಂದಕ್ಕೂ ಟ್ರಾನ್ಸ್‌ಫಾರ್ಮರಿನಲ್ಲಿ ಅದರದೇ ಸುತ್ತು, ಇಲ್ಲವೇ ಅದರದೇ ಕನ್ವರ್ಟರ್. ಒಂದರ ಮೈನಸ್ಸಿಗೂ ಇನ್ನೊಂದರ ಮೈನಸ್ಸಿಗೂ ಸಂಬಂಧವೇ ಇರುವುದಿಲ್ಲ.

ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಹತ್ತು ತೂತಿನ ಡಬ್ಬಿಗಳ ಮೇಲೂ ಐಸೊಲೇಟೆಡ್ ಅಂತ ಬರೆದಿರುತ್ತಾರೆ. ಎಷ್ಟೋ ಸಲ ಒಳಗೆ ಎಲ್ಲ ಮೈನಸ್ಸೂ ಒಂದೇ ತಗಡಿಗೆ ಬೆಸೆದಿರುತ್ತದೆ. ಅಂದವಾದ ಡೈಸಿ ಚೈನ್, ಅಷ್ಟೇ. ಪರೀಕ್ಷೆ ಮಾಡುವುದು ಸುಲಭ. ಕರೆಂಟಿನಿಂದ ಕಿತ್ತು, ಎರಡು ಔಟ್‌ಪುಟ್‌ಗಳ ಮೈನಸ್‌ಗಳ ನಡುವೆ ಮೀಟರ್ ಹಿಡಿಯಿರಿ. ಬೀಪ್ ಬಂದರೆ ಅದು ಐಸೊಲೇಟೆಡ್ ಅಲ್ಲ. ಆನ್ ಮಾಡಿ ಒಂದರ ಪ್ಲಸ್ಸಿಗೂ ಇನ್ನೊಂದರ ಮೈನಸ್ಸಿಗೂ ನಡುವೆ ವೋಲ್ಟೇಜ್ ನೋಡಬಹುದು. ಗಟ್ಟಿಯಾಗಿ 9 ತೋರಿಸಿದರೆ ಎರಡಕ್ಕೂ ಒಂದೇ ಏಣಿ. ನಿಲ್ಲದೆ ತೇಲಾಡುವ ಸಣ್ಣ ಅಂಕಿ ಬಂದರೆ ಬೇರೆ ಬೇರೆ.

ದುಡ್ಡು ಜಾಸ್ತಿ ಹಾಕಲು ಮನಸ್ಸಿಲ್ಲದವರಿಗೆ ಫಝ್‌ಗೇ ಅಂತ ಪ್ರತ್ಯೇಕ ಅಡಾಪ್ಟರ್ ಇಟ್ಟುಕೊಳ್ಳುವುದು ಒಳ್ಳೆಯ ದಾರಿ. ಹಳೇ ಆರ್ಕೆಸ್ಟ್ರಾದವರು ಇದನ್ನು ಈಗಲೂ ಎಲಿಮಿನೇಟರ್ ಅಂತಲೇ ಕರೆಯುತ್ತಾರೆ. ಬ್ಯಾಟರಿಯನ್ನು ಇಲ್ಲವಾಗಿಸುವುದು, ಚಂದದ ಹೆಸರು. ಆದರೆ ಎರಡು ಪಿನ್ನಿನದನ್ನೇ ತನ್ನಿ. ಮೂರು ಪಿನ್ನಿನ ಕೆಲವು ಅಡಾಪ್ಟರ್‌ಗಳಲ್ಲಿ ಔಟ್‌ಪುಟ್ಟಿನ ಮೈನಸ್ಸನ್ನು ಗೋಡೆಯ ಅರ್ಥಿಂಗ್‌ಗೆ ಸೇರಿಸಿರುತ್ತಾರೆ. ನಿಮ್ಮ ಆಂಪಿನ ಮೈಯೂ ಅದೇ ಅರ್ಥಿಂಗ್‌ಗೆ ಸೇರಿದೆ. ಫಝ್‌ನ ಪ್ಲಸ್ ಕೇಬಲಿನ ಜಾಲರಿ ಹಿಡಿದು ಆಂಪಿಗೆ, ಅಲ್ಲಿಂದ ಗೋಡೆಗೆ, ಗೋಡೆಯಿಂದ ಅಡಾಪ್ಟರಿನ ಮೈನಸ್ಸಿಗೆ. ಊರೆಲ್ಲ ಸುತ್ತಿ ಬಂದು ಶಾರ್ಟ್! ಇದಕ್ಕೆ ಮದ್ದು ಅಂತ ಆಂಪಿನ ಅರ್ಥ್ ಪಿನ್ ಮುರಿಯುವ ಮಹಾನುಭಾವರೂ ಇದ್ದಾರೆ. ದಯವಿಟ್ಟು ಬೇಡ. ಮಳೆಗಾಲದ ಒದ್ದೆ ಸ್ಟೇಜಿನಲ್ಲಿ ಕೈಯಲ್ಲಿ ತಂತಿವಾದ್ಯ, ತುಟಿಗೆ ತಗಡಿನ ಮೈಕು. ಆ ಪಿನ್ನೇ ನಿಮ್ಮ ಜೀವ.

ಇತ್ತೀಚೆಗೆ ಎಲ್ಲರ ಬ್ಯಾಗಿನಲ್ಲೂ ಪವರ್ ಬ್ಯಾಂಕ್ ಇದೆ. 5 ವೋಲ್ಟನ್ನು 9 ಮಾಡುವ ಯುಎಸ್‌ಬಿ ಕೇಬಲ್ಲೂ ಸಿಗುತ್ತದೆ. ಒಂದೇ ಪವರ್ ಬ್ಯಾಂಕಿಗೆ ಅಂಥ ಎರಡು ಕೇಬಲ್ ಹಾಕಿ, ಒಂದನ್ನು ಫಝ್‌ಗೆ ಕೊಟ್ಟರೆ ಆಗುತ್ತದಲ್ವಾ ಅಂತ ಒಬ್ಬ ಹುಡುಗ ಕೇಳಿದ. ಆಗುವುದಿಲ್ಲ. ಆ ಕೇಬಲ್‌ಗಳಲ್ಲಿ ಒಳಬರುವ ಮೈನಸ್ಸೇ ಹೊರಹೋಗುವ ಮೈನಸ್ಸು. ಎರಡು ಏಣಿಗಳ ಕಾಲನ್ನು ಕೆಳಗೆ ಹಗ್ಗದಿಂದ ಕಟ್ಟಿದ ಹಾಗೆ. ಫಝ್‌ಗೆ ಬೇರೆಯದೇ ಪವರ್ ಬ್ಯಾಂಕ್ ಇಟ್ಟರೆ ಏಣಿಯ ಲೆಕ್ಕ ಸರಿಹೋಗುತ್ತದೆ. ಆದರೆ ಫಝ್ ಎಳೆಯುವುದು ಎಷ್ಟು ಕಮ್ಮಿ ಅಂದರೆ, ಕೆಲವು ಪವರ್ ಬ್ಯಾಂಕ್‌ಗಳು ಏನೂ ಚುಚ್ಚಿಲ್ಲ ಅಂದುಕೊಂಡು ತಾವೇ ಆಫ್ ಆಗುತ್ತವೆ.

ಇನ್ನೊಂದು ಸಂಗತಿ. ಎರಡು ಪಾಸಿಟಿವ್ ಗ್ರೌಂಡ್ ಪೆಡಲ್ ಇದ್ದರೆ ಅವೆರಡೂ ಒಂದೇ ಐಸೊಲೇಟೆಡ್ ಔಟ್‌ಪುಟ್ ಹಂಚಿಕೊಳ್ಳಬಹುದು. ಓಸಿ44 ಅನ್ನುವ ಪಿಎನ್‌ಪಿ ಟ್ರಾನ್ಸಿಸ್ಟರ್ ಹಾಕಿದ ರೇಂಜ್‌ಮಾಸ್ಟರ್ ಥರದ ಟ್ರೆಬಲ್ ಬೂಸ್ಟರ್ (ಚೂಪು ದನಿಯನ್ನು ಎತ್ತಿ ಕೊಡುವ ಪೆಡಲ್) ಜೊತೆ ಫಝ್ ಫೇಸ್ ಅನ್ನು ಹಾಗೆ ಕೂರಿಸಬಹುದು. ಇಬ್ಬರಿಗೂ ಏಣಿ ಬಾವಿಗೇ ಇಳಿಯಬೇಕು, ಜಗಳವಿಲ್ಲ. ಬೆರೆಸಿದಾಗಲೇ ಕಷ್ಟ.

ಪೆಡಲ್ ಒಳಗೇ ಮದ್ದು ಹಾಕುವವರೂ ಇದ್ದಾರೆ. ಐಸಿಎಲ್7660, ಮ್ಯಾಕ್ಸ್1044 ಅನ್ನುವ ಎಂಟು ಕಾಲಿನ ಪುಟ್ಟ ಚಿಪ್ಪುಗಳಿವೆ. ಇವು ಒಂದು ಕೆಪಾಸಿಟರನ್ನು 9 ವೋಲ್ಟಿಗೆ ತುಂಬಿಸಿ, ಕೂಡಲೇ ಅದನ್ನು ಬುಡಮೇಲು ಮಾಡಿ ಇನ್ನೊಂದಕ್ಕೆ ಸುರಿಯುತ್ತವೆ. ಸೆಕೆಂಡಿಗೆ ಸಾವಿರಾರು ಸಲ. ಹೊರಗೆ ಬರುವುದು ಮೈನಸ್ 9 ವೋಲ್ಟ್. ಅಟ್ಟಕ್ಕೆ ಒರಗಿಸಿದ ಏಣಿಯಿಂದಲೇ ಬಾವಿಗೆ ಇನ್ನೊಂದು ಏಣಿ ಮಾಡಿಕೊಡುವ ಬಡಗಿ ಇದು. ಹೀಗೆ ಮಾಡಿದ ಫಝ್ ಡೈಸಿ ಚೈನಿನಲ್ಲೂ ಸಂಸಾರ ಮಾಡುತ್ತದೆ. ಎರಡು ಎಚ್ಚರಿಕೆ ಬೇಕು. ಈ ಚಿಪ್ಪುಗಳು ಮಾಮೂಲಾಗಿ ಸುಮಾರು 5ರಿಂದ 10 ಕಿಲೋಹರ್ಟ್ಸ್‌ನಲ್ಲಿ ಓಡುತ್ತವೆ. ಅದು ಕಿವಿಗೆ ಕೇಳುವ ಸದ್ದು, ಸೊಳ್ಳೆಯ ಹಾಗೆ ಕುಂಯ್ ಅನ್ನುತ್ತದೆ. ಮ್ಯಾಕ್ಸ್1044ರಲ್ಲಿ ಒಂದನೇ ಕಾಲನ್ನು ಎಂಟನೇ ಕಾಲಿಗೆ ಸೇರಿಸಿದರೆ ವೇಗ ಹಲವು ಪಟ್ಟು ಏರಿ ಕಿವಿಯ ಅಳವಿನಿಂದ ಆಚೆ ಹೋಗುತ್ತದೆ. ಎರಡನೆಯದು, ಈ ಎರಡು ಚಿಪ್ಪುಗಳ ಮಿತಿ ಸುಮಾರು 10 ವೋಲ್ಟ್. ರೆಗ್ಯುಲೇಟರ್ ಇಲ್ಲದ ಹಳೇ ಎಲಿಮಿನೇಟರ್‌ಗಳ ಮೇಲೆ 9 ಅಂತ ಬರೆದಿದ್ದರೂ, ಹೊರೆ ಕಮ್ಮಿ ಇದ್ದಾಗ 12, 13 ವೋಲ್ಟ್ ಬರುವುದುಂಟು. ಚಿಪ್ ಸದ್ದಿಲ್ಲದೆ ಸಾಯುತ್ತದೆ.

ಕೊನೆಯ ದಾರಿ, ಪಿಎನ್‌ಪಿ ಸರ್ಕ್ಯೂಟನ್ನೇ ತಿರುಗಿಸಿ ಮೈನಸ್ಸನ್ನು ಗ್ರೌಂಡ್ ಮಾಡುವುದು. ಕಾಗದದ ಮೇಲೆ ಸರಿಯಾಗೇ ಇದೆ. ಆದರೆ ಆಗ ಎಮಿಟರ್‌ಗಳು ಅಂಗಳ ಬಿಟ್ಟು ಸಪ್ಲೈ ವೈರಿಗೆ ಜೋತುಬೀಳುತ್ತವೆ. ಸಪ್ಲೈನ ಗಲೀಜೆಲ್ಲ ಸದ್ದಿನೊಳಗೆ ಬರುತ್ತದೆ. ಕೆಲವು ಹೀಗೆ ಮಾಡಿದಾಗ ತೋಟದ ಡೀಸೆಲ್ ಪಂಪ್‌ಸೆಟ್ಟಿನ ಹಾಗೆ ಡುಗ್ ಡುಗ್ ಡುಗ್ ಅಂತ ಶುರುಮಾಡುತ್ತವೆ. ಸಪ್ಲೈಗೆ ಅಡ್ಡಲಾಗಿ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಹಲವು ಸಲ ನಿಲ್ಲುತ್ತದೆ, ಯಾವಾಗಲೂ ಅಲ್ಲ. ನನಗೆ ಈ ದಾರಿ ಹಿಡಿಸಲಿಲ್ಲ.

ಬ್ಯಾಟರಿಯ ಲೆಕ್ಕ

ಇಷ್ಟೆಲ್ಲ ಗುದ್ದಾಡುವ ಮೊದಲು ಫಝ್ ಎಷ್ಟು ತಿನ್ನುತ್ತದೆ ಅಂತ ಲೆಕ್ಕ ಹಾಕಬೇಕಿತ್ತು. ಫಝ್ ಫೇಸಿನ ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ 8.2 ಕಿಲೋಓಮ್ ಮತ್ತು 470 ಓಮ್ ಸಾಲಾಗಿ ಇವೆ. ಕಲೆಕ್ಟರ್ ನಡುಮಧ್ಯದಲ್ಲಿ, ಅಂದರೆ ಮೈನಸ್ 4.5 ವೋಲ್ಟಿನಲ್ಲಿ ನಿಂತರೆ ಅಲ್ಲಿ ಹರಿಯುವುದು ಸುಮಾರು ಅರ್ಧ ಮಿಲಿಆಂಪ್. ಮೊದಲನೆಯದಕ್ಕೆ 33 ಕಿಲೋಓಮ್, ಅಲ್ಲಿ ಕಾಲು ಮಿಲಿಆಂಪ್. ಒಟ್ಟು ಮುಕ್ಕಾಲು. ಒಂದು ಸಾಧಾರಣ 9 ವೋಲ್ಟ್ ಬ್ಯಾಟರಿ 400 ಮಿಲಿಆಂಪ್ ಗಂಟೆ ಕೊಡುತ್ತದೆ ಅಂತ ಹಿಡಿದರೂ ಐನೂರು ಗಂಟೆ ದಾಟುತ್ತದೆ. ದೀಪ ಹಾಕಿದ್ದರೆ ಮಾತ್ರ ಲೆಕ್ಕ ಉಲ್ಟಾ. ಒಂದು ಎಲ್‌ಇಡಿ ಇಡೀ ಫಝ್‌ಗಿಂತ ಹೆಚ್ಚು ಕುಡಿಯುತ್ತದೆ. ಕೇಬಲ್ ಕೀಳದೆ ರಾತ್ರಿ ಬಿಟ್ಟರೂ ಬ್ಯಾಟರಿ ಹೋಗುತ್ತಲೇ ಇರುತ್ತದೆ, ಯಾಕೆಂದರೆ ಸ್ವಿಚ್ ಇರುವುದು ಇನ್‌ಪುಟ್ ಜಾಕಿನಲ್ಲಿ.

ಅಗ್ಗದ ಜಿಂಕ್ ಬ್ಯಾಟರಿಯಲ್ಲೇ ಫಝ್ ಚೆನ್ನಾಗಿ ಕೇಳುತ್ತದೆ, ಅದರ ಒಳ ತಡೆಯಿಂದ ಸದ್ದು ಮೆತ್ತಗಾಗುತ್ತದೆ ಅನ್ನುವ ನಂಬಿಕೆ ಇದೆ. ಹೊಸ ಬ್ಯಾಟರಿಯ ಒಳ ತಡೆ ಮೂವತ್ತು ನಲವತ್ತು ಓಮ್ ಅಂತಿಟ್ಟುಕೊಳ್ಳಿ. ಮುಕ್ಕಾಲು ಮಿಲಿಆಂಪಿಗೆ ಅದು ಇಳಿಸುವುದು 0.03 ವೋಲ್ಟ್. ಇದು ಕಿವಿಗೆ ಕೇಳುತ್ತದೆ ಅನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ, ಕಾಫಿ ಕುಡಿದು ಬರುತ್ತೇನೆ. ಬ್ಯಾಟರಿ ಹಳತಾಗಿ 7 ವೋಲ್ಟಿನ ಹತ್ತಿರ ಬಂದಾಗ ಸದ್ದು ಬದಲಾಗುವುದು ನಿಜ. ಆಗ ಟ್ರಾನ್ಸಿಸ್ಟರ್ ನಿಲ್ಲುವ ಜಾಗವೇ ಬದಲಾಗಿರುತ್ತದೆ. ಆ ಸದ್ದೇ ಬೇಕಿದ್ದರೆ ವೋಲ್ಟೇಜ್ ಇಳಿಸುವ ಗುಂಡಿ ಇರುವ ಸಪ್ಲೈಯಲ್ಲೂ ಸಿಗುತ್ತದೆ.

ಬ್ಯಾಟರಿಯ ಅಸಲಿ ಗುಣ ಬೇರೆ: ಅದರಲ್ಲಿ ಗುಂಯ್ ಇಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಅಡಾಪ್ಟರ್ ಅದನ್ನು ನೇರ ಮಾಡಿದ ಮೇಲೂ 100 ಹರ್ಟ್ಸ್ ಅಲೆ ಸ್ವಲ್ಪ ಉಳಿಯುತ್ತದೆ. ಫಝ್‌ಗೆ ಅದನ್ನು ತಡೆಯುವ ಯಾವ ಏರ್ಪಾಡೂ ಇಲ್ಲ. ಚಿಕ್ಕಮಗಳೂರಿನ ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದರೆ ಮನೆಯ ಯುಪಿಎಸ್ ಮೇಲೆ ಓಡಬೇಕು. ಅಗ್ಗದ ಯುಪಿಎಸ್‌ಗಳ ಚೌಕಾಕಾರದ ಅಲೆಯಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಸಪ್ಲೈಗಳು ಕಣಜದ ಗೂಡಾಗುತ್ತವೆ. ಅಡಾಪ್ಟರಿನ ಮೈನಸ್ ವೈರಿಗೆ 100 ಓಮ್ ಸಾಲಾಗಿ, ಅದರ ನಂತರ ಗ್ರೌಂಡ್‌ಗೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ 100 ಹರ್ಟ್ಸ್ ಗುಂಯ್ ಸುಮಾರು ಆರನೇ ಒಂದು ಪಾಲಿಗೆ ಇಳಿಯುತ್ತದೆ. ವೋಲ್ಟೇಜ್ ಇಳಿಯುವುದು ಒಂದು ವೋಲ್ಟಿನ ಹತ್ತನೇ ಒಂದಕ್ಕಿಂತ ಕಮ್ಮಿ. ಕೆಪಾಸಿಟರಿನ ಪ್ಲಸ್ ಕಾಲು ಗ್ರೌಂಡ್ ಕಡೆಗೆ ಬರಬೇಕು. ಅಭ್ಯಾಸಬಲದಿಂದ ಉಲ್ಟಾ ಹಾಕಿದರೆ ಉಬ್ಬಿಹೋಗುತ್ತದೆ. ನಾನು ಒಂದನ್ನು ಉಬ್ಬಿಸಿದ್ದೇನೆ.

ಪವರ್ ಮೇಲೆ ತಪ್ಪು ಹೊರಿಸುವ ಮೊದಲು ಹವೆಯನ್ನೂ ನೋಡಿ. ಜರ್ಮೇನಿಯಂ ಟ್ರಾನ್ಸಿಸ್ಟರಿನ ಸೋರಿಕೆ ಕರೆಂಟು ಪ್ರತಿ 10 ಡಿಗ್ರಿ ಸೆಕೆ ಏರಿದಾಗ ಸುಮಾರು ಎರಡು ಪಟ್ಟಾಗುತ್ತದೆ. ಬೆಳಗ್ಗೆ ಮಂಜಿನಲ್ಲಿ 18 ಡಿಗ್ರಿ ಇರುವಾಗ ಮನೆಯಲ್ಲಿ ಹೊಂದಿಸಿಟ್ಟ ಪೆಡಲ್, ಸಂಜೆ ಸ್ಟೇಜಿನ ದೀಪದ ಬಿಸಿಯಲ್ಲಿ 38 ಡಿಗ್ರಿಗೆ ಬಂದರೆ ಸೋರಿಕೆ ನಾಲ್ಕು ಪಟ್ಟು. ಕಲೆಕ್ಟರ್ 4.5 ಬಿಟ್ಟು ಎಲ್ಲೋ ಹೋಗಿ ನಿಲ್ಲುತ್ತದೆ. ಸದ್ದು ಮಂಕಾಗುತ್ತದೆ, ಸ್ವರ ನಡುವೆಯೇ ಕತ್ತರಿಸುತ್ತದೆ. ಇದಕ್ಕೆ ಯಾವ ಸಪ್ಲೈಯೂ ಮದ್ದಲ್ಲ. ಟ್ರಾನ್ಸಿಸ್ಟರ್ ನಿಲ್ಲುವ ಜಾಗವನ್ನು ಮತ್ತೆ ಹೊಂದಿಸಲು ನನ್ನ ಗೆಳೆಯ ಹೊರಗೆ ಒಂದು ಪುಟ್ಟ ಬಯಾಸ್ ಗುಂಡಿ ಕೂರಿಸಿಕೊಟ್ಟ ಮೇಲೆ ಬಚಾವಾದೆ.

ಈಗ ನನ್ನ ಬೋರ್ಡಿನಲ್ಲಿ ಮೂರು ಪೆಡಲ್ ಅದೇ ಹಳೇ ಡೈಸಿ ಚೈನಿನಲ್ಲಿವೆ. ಫಝ್ ಒಂದಕ್ಕೆ ಬ್ಯಾಟರಿ, ದೀಪ ಕಿತ್ತು ಹಾಕಿದ್ದೇನೆ. ಚೈನಿನಲ್ಲಿ ಉಳಿದ ಎರಡು ಪಿನ್‌ಗಳಿಗೆ ಟೇಪ್ ಸುತ್ತಿದೆ. ಪಿನ್ನಿನ ಹೊರಮೈಯೇ ಪ್ಲಸ್ ಅಲ್ವಾ, ಅದು ಅಲ್ಲಾಡಿ ಯಾವುದಾದರೂ ಡಬ್ಬಿಯ ಬರಿಮೈಗೆ ತಾಗಿದರೆ ಮತ್ತೆ ಅದೇ ಶಾರ್ಟ್, ಅದೇ ಕತ್ತಲು. ಗೆಳೆಯ ಫಝ್‌ನ ಪವರ್ ತೂತಿಗೂ ಒಂದು ತುಂಡು ಟೇಪ್ ಅಂಟಿಸಿ ಮಾರ್ಕರಿನಲ್ಲಿ ಬರೆದಿದ್ದಾನೆ: "ಪ್ಲಸ್ ಗ್ರೌಂಡ್. ಇವನಿಗೆ ಬೇರೆ ಎಲೆ ಹಾಕಿ."